ಸಪ್ತಾಪುರದ ರೊಟ್ಟಿ ಊಟ: ಹದಿಮೂರು ಕಾರ್ಡ್ ಮುಗಿಸಿದ ಮೇಲೆ ಬರೆದದ್ದು

ನನ್ನ ಪರ್ಸಿನಲ್ಲಿ ಹಳದಿ ರಟ್ಟಿನ ಒಂದು ಕಾರ್ಡ್ ಇದೆ. ಅದರ ಮೇಲೆ 60 ಚೌಕಗಳು. ಒಂದು ಊಟ ಮಾಡಿದರೆ ಒಂದು ಚೌಕಕ್ಕೆ ಗೀಟು ಬೀಳುತ್ತದೆ. ಅರವತ್ತೂ ಮುಗಿದ ದಿನ 3,900 ರೂಪಾಯಿ ಕೊಟ್ಟು ಹೊಸ ಕಾರ್ಡ್ ತಗೊಳ್ಳಬೇಕು. ಅಂದರೆ ಒಂದು ಊಟಕ್ಕೆ 65 ರೂಪಾಯಿ. ಕಾರ್ಡ್ ಇಲ್ಲದೆ ಬಂದವರಿಗೆ 80. ಮೊನ್ನೆ ನನ್ನ ಹದಿಮೂರನೆಯ ಕಾರ್ಡ್ ಮುಗಿಯಿತು. ಇಷ್ಟು ದಿನ ಒಂದೇ ಕಡೆ ಉಂಡ ಮೇಲೆ ಈ ಖಾನಾವಳಿ ಬಗ್ಗೆ ಬರೆಯದೆ ಇರುವುದು ಸರಿಯಲ್ಲ ಅನ್ನಿಸಿತು.

ಧಾರವಾಡದ ಸಪ್ತಾಪುರದಲ್ಲಿ ಒಂದು ಒಳರಸ್ತೆ. ಕೆಎಎಸ್, ಪಿಎಸ್‌ಐ, ಎಫ್‌ಡಿಎ ಅಂತ ಸರ್ಕಾರಿ ನೌಕರಿಯ ಪರೀಕ್ಷೆಗಳಿಗೆ ಓದಲು ಬಂದ ಹುಡುಗ ಹುಡುಗಿಯರೇ ತುಂಬಿರುವ ಜಾಗ. ಒಂದು ಹಳೆಯ ಹೆಂಚಿನ ಮನೆ. ಮುಂದಿನ ಪಡಸಾಲೆಯಲ್ಲಿ ಆರು ಟೇಬಲ್, ಹಿಂದೆ ಅಡುಗೆಮನೆ. ಹೆಸರು ಬರೆಯುತ್ತಿಲ್ಲ. ಅದು ನಡೆಸುವ ಅಕ್ಕನ ಮಾತು. "ಹೆಸರು ಬರೀಬ್ಯಾಡ್ರಿ ಮ್ಯಾಡಂ. ಮಂದಿ ಜಾಸ್ತಿ ಬಂದ್ರ ರೊಟ್ಟಿ ಬಡಿಯೋರು ಯಾರು? ಮಷಿನ್ ತಂದ್ರ ಈ ರುಚಿ ಬರಾಂಗಿಲ್ಲ" ಅಂದರು. ಅವರ ಮಾತು ಮೀರಲು ನನಗೆ ಮನಸ್ಸಿಲ್ಲ. ಆದರೆ ಸಪ್ತಾಪುರದಲ್ಲಿ ಮಧ್ಯಾಹ್ನ 12 ಗಂಟೆಗೆ ನಡೆದು ಹೋದರೆ ರೊಟ್ಟಿ ಬಡಿಯುವ ಸದ್ದು ಕೇಳಿಸುತ್ತದೆ. ಅದೇ ಸಾಕು. ಇಂಥ ಖಾನಾವಳಿಗಳು ಧಾರವಾಡ, ಹುಬ್ಬಳ್ಳಿ, ಗದಗ, ವಿಜಯಪುರ ಎಲ್ಲ ಕಡೆ ಇವೆ. ಹಾಗಾಗಿ ನಾನು ಹೇಳುವುದರಲ್ಲಿ ಮುಕ್ಕಾಲು ಪಾಲು ಅಲ್ಲಿಗೂ ಹೊಂದುತ್ತದೆ.

ನಾನು ಸಾಗರದ ಕಡೆಯವಳು. ಬ್ಯಾಂಕಿನಲ್ಲಿ ಕೆಲಸ. ನಮ್ಮ ಕಡೆ ರೊಟ್ಟಿ ಅಂದರೆ ಅಕ್ಕಿ ರೊಟ್ಟಿ, ಊಟ ಅಂದರೆ ಅನ್ನ, ತಂಬುಳಿ, ಹುಳಿ. ಇಲ್ಲಿಗೆ ವರ್ಗವಾಗಿ ಬಂದಾಗ ಜೋಳದ ರೊಟ್ಟಿಯನ್ನು ನಾಲ್ಕೈದು ಸಲ ತಿಂದಿದ್ದೆ, ಅದೂ ಮದುವೆ ಮನೆಗಳಲ್ಲಿ. ನನ್ನ ರೂಮಿನಲ್ಲಿ ಅಡುಗೆ ಮಾಡುವ ಹಾಗಿಲ್ಲ. ಒಂದು ಎಲೆಕ್ಟ್ರಿಕ್ ಕೆಟಲ್ ಅಷ್ಟೇ. ಮೊದಲ ಎರಡು ತಿಂಗಳು ಹತ್ತಿರದ ಒಂದು ಮೆಸ್‌ನಲ್ಲಿ ಉಂಡೆ. ದೊಡ್ಡ ತಟ್ಟೆ ತುಂಬ ಬಿಳಿ ಅನ್ನ, ನೀರಿನಂಥ ಸಾರು, ಆಲೂಗಡ್ಡೆ ಪಲ್ಯ, ಹಪ್ಪಳ. ಉಂಡಾಗ ಹೊಟ್ಟೆ ಬಿಗಿಯುತ್ತಿತ್ತು. ನಾಲ್ಕು ಗಂಟೆಗೆ ಕೌಂಟರಿನಲ್ಲಿ ಕೈ ನಡುಗುವಷ್ಟು ಹಸಿವು. ಬಿಸ್ಕತ್ತಿನ ಪ್ಯಾಕೆಟ್ ಡ್ರಾಯರಿನಲ್ಲೇ ಇರುತ್ತಿತ್ತು. ಆರೋಗ್ಯಕ್ಕೆ ಒಳ್ಳೆಯದು ಅಂತ ಆಪ್‌ನಲ್ಲಿ ಒಂದೆರಡು ಸಲ ಸಲಾಡ್ ತರಿಸಿದೆ. 240 ರೂಪಾಯಿಗೆ ಒಂದು ಡಬ್ಬಿ ಎಲೆ, ನಾಲ್ಕು ತುಂಡು ಪನೀರ್. ರಾತ್ರಿ ಹತ್ತಕ್ಕೆ ಮತ್ತೆ ಹಸಿವು.

ಆ ಹೊತ್ತಿಗೆ ಬ್ಯಾಂಕಿನಲ್ಲಿ ಆರೋಗ್ಯ ತಪಾಸಣೆ ನಡೆಯಿತು. ನನ್ನ ಎಚ್‌ಬಿಎ1ಸಿ 6.2 ಬಂತು. ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಪರೀಕ್ಷೆ ಅದು. 5.7ರಿಂದ 6.4ರವರೆಗೆ ಇದ್ದರೆ ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿ ಇದ್ದೇವೆ ಅಂತ ಅರ್ಥ. ನನ್ನ ಅಮ್ಮನಿಗೆ ಇಪ್ಪತ್ತು ವರ್ಷದಿಂದ ಸಕ್ಕರೆ ಇದೆ. ಅವಳ ಕಾಲಿನ ಗಾಯ ಒಣಗದೆ ಮೂರು ತಿಂಗಳು ಮಲಗಿದ್ದನ್ನು ನೋಡಿದವಳು ನಾನು. ನಿಜವಾಗಿ ಹೆದರಿದೆ. ಡಾಕ್ಟರು ಹೇಳಿದ್ದು ಸರಳ ಮಾತು: ಅನ್ನ ಕಡಿಮೆ ಮಾಡಿ, ಕಾಳು, ಸೊಪ್ಪು ಜಾಸ್ತಿ ಮಾಡಿ, ದಿನಾ ನಡೆಯಿರಿ. ಅಡುಗೆಮನೆ ಇಲ್ಲದವಳು ಇದನ್ನು ಎಲ್ಲಿ ಮಾಡಲಿ ಅಂತ ಕೇಳಿದಾಗ, ಸಹೋದ್ಯೋಗಿಯೊಬ್ಬರು ಈ ಮನೆಯ ದಾರಿ ತೋರಿಸಿದರು.

ಮೊದಲ ದಿನದ ತಟ್ಟೆ ನನಗೆ ಇನ್ನೂ ನೆನಪಿದೆ. ಸ್ಟೀಲಿನ ಅಗಲ ತಟ್ಟೆ. ಎರಡು ಬಿಸಿ ರೊಟ್ಟಿ, ಅಂಚು ಕಂದಾಗಿ, ನಡುವೆ ಮೆತ್ತಗೆ. ಮಡಕಿ ಕಾಳಿನ ಪಲ್ಯ ಒಂದು ಬಟ್ಟಲು. ಮೆಂತ್ಯ ಸೊಪ್ಪಿಗೆ ಹೆಸರುಬೇಳೆ ಹಾಕಿದ ಒಣ ಪಲ್ಯ. ಮೂಲೆಯಲ್ಲಿ ಎರಡು ಬಗೆಯ ಹಿಂಡಿ, ಶೇಂಗಾದ್ದು ಒಂದು, ಅಗಸಿಯದ್ದು ಒಂದು. ನಮ್ಮ ಕಡೆ ಚಟ್ನಿಪುಡಿ ಅನ್ನುವುದನ್ನು ಇಲ್ಲಿ ಹಿಂಡಿ ಅನ್ನುತ್ತಾರೆ. ಸೌತೆಕಾಯಿ, ಗಜ್ಜರಿ, ಹಸಿ ಈರುಳ್ಳಿ ಹೆಚ್ಚಿ ನಿಂಬೆ ಹಿಂಡಿದ ಪಚಡಿ. ಪಕ್ಕದಲ್ಲಿ ಹಸಿ ಉಳ್ಳಾಗಡ್ಡಿ ತಪ್ಪಲ (ಈರುಳ್ಳಿ ಸೊಪ್ಪು), ಮೂಲಂಗಿ ತುಂಡು. ಗಟ್ಟಿ ಮೊಸರು. ಕೊನೆಗೆ ಒಂದು ಸೌಟು ಅನ್ನ, ಬೇಳೆ ಸಾರು, ಮಜ್ಜಿಗೆ. ಅಷ್ಟೂ ಒಂದೇ ಊಟ.

ನಾನು ಅಭ್ಯಾಸದಂತೆ ಅನ್ನವನ್ನು ಮೊದಲು ಎಳೆದುಕೊಂಡೆ. ಎದುರಿಗೆ ಕೂತಿದ್ದ ಓದುವ ಹುಡುಗಿ "ಅಕ್ಕಾ, ಮೊದ್ಲ ರೊಟ್ಟಿ ಉಣ್ರಿ. ಅನ್ನ ಕಡೀಕ" ಅಂದಳು. ಹಿಂಡಿಯ ನಡುವೆ ಬೆರಳಿನಿಂದ ಸಣ್ಣ ಗುಳಿ ಮಾಡಿ ಮೊಸರು ಹಾಕಿಕೊಳ್ಳುವುದನ್ನೂ ಅವಳೇ ತೋರಿಸಿದಳು. ರೊಟ್ಟಿ ಮುರಿದು ಕಾಳಿನ ರಸದಲ್ಲಿ ಅದ್ದಿ, ಹಿಂಡಿಗೆ ತಾಗಿಸಿ, ನಡುನಡುವೆ ತಪ್ಪಲ ಕಡಿಯಬೇಕು. ಒಂದೂವರೆ ರೊಟ್ಟಿಗೆ ನನ್ನ ಹೊಟ್ಟೆ ತುಂಬಿತು. ಆ ದಿನ ಬಿಸ್ಕತ್ತಿನ ಡ್ರಾಯರ್ ತೆಗೆಯಲೇ ಇಲ್ಲ. ಮರುದಿನವೂ ಇಲ್ಲ. ಆಗ ಕಾರ್ಡ್ ಮಾಡಿಸಿದೆ.

ಯಾಕೆ ಹೀಗೆ ಅಂತ ಆಮೇಲೆ ಲೆಕ್ಕ ಹಾಕಿದೆ. ಅಕ್ಕನನ್ನು ಕೇಳಿದರೆ ಒಂದು ರೊಟ್ಟಿಗೆ ಸುಮಾರು 60 ಗ್ರಾಂ ಹಿಟ್ಟು ಬೀಳುತ್ತದೆ. 100 ಗ್ರಾಂ ಜೋಳದಲ್ಲಿ ಹೆಚ್ಚು ಕಡಿಮೆ 10 ಗ್ರಾಂ ಪ್ರೊಟೀನ್, 10 ಗ್ರಾಂ ನಾರು ಇರುತ್ತದೆ. ಪಾಲಿಶ್ ಮಾಡಿದ ಅಷ್ಟೇ ಅಕ್ಕಿಯಲ್ಲಿ ನಾರು 3 ಗ್ರಾಂ ಕೂಡ ಇರುವುದಿಲ್ಲ. ಎರಡು ರೊಟ್ಟಿಯಲ್ಲೇ 12 ಗ್ರಾಂ ನಾರು ಒಳಗೆ ಹೋಗುತ್ತದೆ. ಅದಕ್ಕೆ ಕಾಳು ಸೇರುತ್ತದೆ, ಶೇಂಗಾ ಸೇರುತ್ತದೆ, ಮೊಸರು ಸೇರುತ್ತದೆ. ಪ್ರೊಟೀನ್ 20 ಗ್ರಾಂ ದಾಟುತ್ತದೆ. ಜೋಳದ ಪ್ರೊಟೀನಿನಲ್ಲಿ ಲೈಸಿನ್ ಅನ್ನುವ ಅಂಶ ಕಡಿಮೆ. ಕಾಳಿನಲ್ಲಿ ಅದು ಚೆನ್ನಾಗಿದೆ. ರೊಟ್ಟಿಯ ಜತೆ ಕಾಳು ಬಿಡದೆ ಬಡಿಸುವ ಈ ಕಡೆಯ ಪದ್ಧತಿಯಲ್ಲಿ ಎರಡೂ ಒಂದನ್ನೊಂದು ತುಂಬಿಕೊಳ್ಳುತ್ತವೆ. ಅಗಸಿಯಲ್ಲಿ ಒಮೇಗಾ-3 ಕೊಬ್ಬು ಇದೆ. ಮೀನು ತಿನ್ನದ ನಮ್ಮಂಥವರಿಗೆ ಅದು ಬೇರೆ ಕಡೆ ಸುಲಭಕ್ಕೆ ಸಿಗುವುದಿಲ್ಲ. ಪಚಡಿಗೆ ಹಿಂಡುವ ನಿಂಬೆ ಕಾಳು, ಸೊಪ್ಪಿನ ಕಬ್ಬಿಣ ಮೈಗೆ ಹತ್ತಲು ಸಹಾಯ ಮಾಡುತ್ತದೆ. ಊಟ ಆದ ಕೂಡಲೇ ಚಹಾ ಕುಡಿದರೆ ಅದೇ ಕಬ್ಬಿಣ ಸರಿಯಾಗಿ ಹತ್ತುವುದಿಲ್ಲ. ಈ ಮನೆಯಲ್ಲಿ ಚಹಾ ಮಾಡುವುದೇ ಇಲ್ಲ. ನನಗೆ ಅದೂ ಒಳ್ಳೆಯದೇ ಆಯಿತು.

ರೊಟ್ಟಿಯ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಒಂದು ಭಾನುವಾರ ಕೇಳಿಕೊಂಡು ಅಡುಗೆಮನೆಯಲ್ಲಿ ಎರಡು ತಾಸು ಕೂತಿದ್ದೆ. ಇಬ್ಬರು ಹೆಂಗಸರು ಬಡಿಯುತ್ತಾರೆ, ಒಬ್ಬರು ಹಂಚಿನ ಮುಂದೆ. ಜೋಳದಲ್ಲಿ ಗೋಧಿಯ ಹಾಗೆ ಗ್ಲುಟೆನ್ ಇಲ್ಲ. ತಣ್ಣೀರು ಹಾಕಿ ಕಲಸಿದರೆ ಹಿಟ್ಟು ಹರಿದು ಹೋಗುತ್ತದೆ. ಅದಕ್ಕೆ ನೀರು ಕುದಿಸಿ ಹಿಟ್ಟಿನ ನಡುವೆ ಹೊಯ್ಯುತ್ತಾರೆ. ಹಿಟ್ಟು ಅರೆಬೆಂದು ಜಿಗಿ ಬರುತ್ತದೆ. ಆಮೇಲೆ ಅಂಗೈಯಿಂದ ತಿಕ್ಕಿ ತಿಕ್ಕಿ ನಾದಬೇಕು. ಉಂಡೆಯನ್ನು ಒಣ ಹಿಟ್ಟಿನ ಮೇಲೆ ಇಟ್ಟು ಎರಡೂ ಕೈಯಿಂದ ಬಡಿಯುತ್ತ ಹೋದರೆ ರೊಟ್ಟಿ ತಾನೇ ತಿರುಗುತ್ತ ಅಗಲವಾಗುತ್ತದೆ. ಹಂಚಿಗೆ ಹಾಕಿದ ಕೂಡಲೇ ಮೇಲೆ ಒದ್ದೆ ಬಟ್ಟೆ ಆಡಿಸುತ್ತಾರೆ. ನೀರು ಆರುವ ಹೊತ್ತಿಗೆ ತಿರುವಿ ಹಾಕಿ, ಆಮೇಲೆ ನೇರ ಉರಿಗೆ ಹಿಡಿದರೆ ಪೂರಿಯಂತೆ ಉಬ್ಬುತ್ತದೆ. ಒಂದು ಹನಿ ಎಣ್ಣೆ ಇಲ್ಲ.

ಹಿಟ್ಟು ಹಳೆಯದಾದರೆ ಜಿಗಿ ಹೋಗುತ್ತದೆ, ರುಚಿಯೂ ಸ್ವಲ್ಪ ಕಹಿ. ಅದಕ್ಕೆ ನಾಲ್ಕು ದಿನಕ್ಕೊಮ್ಮೆ ಗಿರಣಿಗೆ ಕಳಿಸುತ್ತಾರೆ. ಜೋಳ ಬಿಳಿಯ ಮಾಲದಂಡಿ. ಹಿಂಗಾರಿನಲ್ಲಿ ಕಪ್ಪು ಮಣ್ಣಿನ ಹೊಲದಲ್ಲಿ, ಮಣ್ಣಿನಲ್ಲಿ ಉಳಿದ ತೇವದ ಮೇಲೇ ಬೆಳೆಯುವ ಜೋಳ ಅದು. ಮಳೆಗಾಲದ ಹೈಬ್ರಿಡ್ ಜೋಳದ ರೊಟ್ಟಿ ಅಷ್ಟು ಬೆಳ್ಳಗೂ ಬರುವುದಿಲ್ಲ, ಅಷ್ಟು ಮೆತ್ತಗೂ ಇರುವುದಿಲ್ಲ ಅಂತ ಅಕ್ಕ ಹೇಳುತ್ತಾರೆ. ಒಮ್ಮೆ ಬೇರೆ ಕಡೆ ತಿಂದು ನೋಡಿದೆ. ಅವರು ಹೇಳಿದ್ದು ಸರಿ.

ಇನ್ನು ದುಡ್ಡಿನ ಮಾತು. 65 ರೂಪಾಯಿಗೆ ಇಷ್ಟು ಹೇಗೆ ಕೊಡುತ್ತಾರೆ ಅನ್ನುವುದು ನನ್ನ ತಲೆಯಲ್ಲಿ ಬಹಳ ದಿನ ಇತ್ತು. ಬ್ಯಾಂಕಿನವಳಲ್ವಾ. ಗುಟ್ಟು ಆ ಹಳದಿ ಕಾರ್ಡಿನಲ್ಲೇ ಇದೆ. ದಿನಕ್ಕೆ ಮಧ್ಯಾಹ್ನ 70, ರಾತ್ರಿ 40 ಊಟ. ಅದರಲ್ಲಿ ಮುಕ್ಕಾಲು ಪಾಲು ಕಾರ್ಡಿನವರು. ಊರಿಗೆ ಹೋಗುವವರು ಹಿಂದಿನ ರಾತ್ರಿಯೇ ಹೇಳಿ ಹೋಗುತ್ತಾರೆ. ಹಾಗೆ ಹೇಳಿದರೆ ಚೌಕಕ್ಕೆ ಗೀಟು ಬೀಳುವುದಿಲ್ಲ. ಹಾಗಾಗಿ ರಾತ್ರಿ ಕಾಳು ನೆನೆಸುವಾಗಲೇ ನಾಳೆ ಎಷ್ಟು ಜನ ಅಂತ ಅಕ್ಕನಿಗೆ ಗೊತ್ತು. ಅಳೆದು ನೆನೆಸುತ್ತಾರೆ. ಏನೂ ಮಿಗುವುದಿಲ್ಲ, ಏನೂ ಚೆಲ್ಲುವುದಿಲ್ಲ. ಕಾರ್ಡಿನ ದುಡ್ಡು ಮೊದಲೇ ಬರುವುದರಿಂದ ಸಾಲ ಮಾಡದೆ ಸಾಮಾನು ತರುತ್ತಾರೆ. ಸುಗ್ಗಿ ಮುಗಿದ ಮೇಲೆ ನವಲಗುಂದದ ಕಡೆಯ ನೆಂಟರ ಹೊಲದಿಂದ ಆರು ತಿಂಗಳ ಜೋಳ ಒಮ್ಮೆಗೇ ಬರುತ್ತದೆ. ಬೇವಿನ ಸೊಪ್ಪು ಹಾಕಿ ಇಡುತ್ತಾರೆ. ತರಕಾರಿ ಆಯಾ ಕಾಲದ್ದು. ಬದನೆ ಸಿಗುವಾಗ ಬದನೆ, ಪುಂಡಿ ಸೊಪ್ಪು ಸಿಗುವಾಗ ಪುಂಡಿ. ಪನೀರ್, ಅಣಬೆ, ಗೋಬಿ ಇಲ್ಲಿ ಕಾಣುವುದಿಲ್ಲ. ಹೋದ ವರ್ಷ ಹೆಚ್ಚಿನ ರೊಟ್ಟಿಯ ರೇಟು 10ರಿಂದ 12 ಆಯಿತು. ಊಟದ ರೇಟು ಮುಟ್ಟಲಿಲ್ಲ.

ವಾರದಲ್ಲಿ ನಾನು ಕಾಯುವ ದಿನಗಳು ಎರಡು. ಗುರುವಾರ ಪುಂಡಿ ಪಲ್ಯ. ತೊಗರಿಬೇಳೆ, ಜೋಳದ ನುಚ್ಚು ಹಾಕಿ ಬೇಯಿಸಿ, ಬೆಳ್ಳುಳ್ಳಿ ಒಗ್ಗರಣೆ ಕೊಟ್ಟ ಹುಳಿ ಸೊಪ್ಪು. ಬಾಯಲ್ಲಿ ನೀರು ಬರುವ ಹುಳಿ. ನಮ್ಮ ಅಮ್ಮನ ಒಂದೆಲಗದ ತಂಬುಳಿ ಬಿಟ್ಟರೆ ಸೊಪ್ಪಿನ ಅಡುಗೆಯಲ್ಲಿ ನನಗೆ ಇದೇ ಇಷ್ಟ. ಇನ್ನೊಂದು ಶನಿವಾರದ ಎಣಗಾಯಿ. ಸಣ್ಣ ಮುಳ್ಳುಬದನೆಗೆ ಶೇಂಗಾ, ಎಳ್ಳು, ಗುರೆಳ್ಳು ಅರೆದು ತುಂಬಿರುತ್ತಾರೆ. ಗುರೆಳ್ಳು ಅಂದರೆ ಹುಚ್ಚೆಳ್ಳು. ಸೋಮವಾರದ ಝುಣಕವೂ ಚೆನ್ನಾಗಿದೆ, ಆದರೆ ಕಡಲೆಹಿಟ್ಟು ನನಗೆ ರಾತ್ರಿ ಹೊತ್ತು ಸ್ವಲ್ಪ ಭಾರ. ಎಳ್ಳಮಾವಾಸ್ಯೆಗೆ ಕಾರ್ಡಿನವರಿಗೆಲ್ಲ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಭಜ್ಜಿ, ಶೇಂಗಾ ಹೋಳಿಗೆ ಬಡಿಸಿದರು. ಅಂದು ಕಾರ್ಡಿಗೆ ಗೀಟು ಹಾಕಲಿಲ್ಲ. ಹಬ್ಬದ ದಿನ ಮನೆಯಿಂದ ದೂರ ಇದ್ದ ಹುಡುಗರು ಅಂದು ಉಂಡ ರೀತಿ ನೋಡಿ ನನಗೆ ಕಣ್ಣು ತುಂಬಿ ಬಂತು.

ಕೊರತೆಗಳೂ ಇವೆ, ಹೇಳಲೇಬೇಕು. ಮೊದಲನೆಯದು ಎಣ್ಣೆ. ರೊಟ್ಟಿಯಲ್ಲಿ ಇಲ್ಲದ ಎಣ್ಣೆಯೆಲ್ಲ ಶನಿವಾರದ ಎಣಗಾಯಿಯಲ್ಲಿ ತೇಲುತ್ತದೆ. ನಾನು ಬಟ್ಟಲು ಓರೆ ಮಾಡಿ ಎಣ್ಣೆ ಬಸಿದು ತಿನ್ನುತ್ತೇನೆ. ಎರಡನೆಯದು ಹಿಂಡಿಯ ಉಪ್ಪು. ಬಿಪಿ ಇರುವವರು ಅರ್ಧ ಚಮಚಕ್ಕೆ ನಿಲ್ಲಿಸುವುದು ಒಳ್ಳೆಯದು. ಶೇಂಗಾ ಹಿಂಡಿ ತಿನ್ನುತ್ತ ಹೋದರೆ ತಿಂದದ್ದೇ ಗೊತ್ತಾಗುವುದಿಲ್ಲ. ಖಾರವೂ ನಮ್ಮ ಮಲೆನಾಡಿನ ನಾಲಿಗೆಗೆ ಜಾಸ್ತಿ. ಕೆಂಪು ಮೆಣಸಿನಕಾಯಿ ಅರೆದ ರಂಜಕವನ್ನು ಮೊದಲ ತಿಂಗಳು ನಾನು ಮುಟ್ಟಲಿಲ್ಲ. ಕೈ ತೊಳೆಯಲು ಒಂದೇ ನಲ್ಲಿ, ಒಂದು ಗಂಟೆಯ ಹೊತ್ತಿಗೆ ಅಲ್ಲಿ ಸಾಲು. ಮಳೆಗಾಲದಲ್ಲಿ ಬಾಗಿಲ ಹತ್ತಿರದ ಟೇಬಲಿಗೆ ಸೂರಿನ ನೀರು ಸಿಡಿಯುತ್ತದೆ. ಭಾನುವಾರ ರಾತ್ರಿ ಬಾಗಿಲು ಹಾಕಿರುತ್ತದೆ. ಅವರ ಊರಿನ ಜಾತ್ರೆಗೆ ಐದು ದಿನ ಮುಚ್ಚಿದ್ದರು. ಎರಡು ದಿನ ಮೊದಲು ಮಾತ್ರ ಹೇಳಿದರು. ಆ ಐದು ದಿನ ನಾನು ಖಡಕ್ ರೊಟ್ಟಿ, ಹಿಂಡಿ, ಮೊಸರು, ಸೌತೆಕಾಯಿ ರೂಮಿನಲ್ಲೇ ತಿಂದೆ. ಅದೂ ನಡೆಯಿತು ಅನ್ನಿ, ಆದರೆ ಒಂದು ವಾರ ಮೊದಲೇ ಬೋರ್ಡ್ ಹಾಕಿದರೆ ಒಳ್ಳೆಯದು ಅಂತ ಅಕ್ಕನಿಗೂ ಹೇಳಿದ್ದೇನೆ.

ಇನ್ನೊಂದು ಮಾತು, ಇದು ಖಾನಾವಳಿಯ ತಪ್ಪಲ್ಲ. ಸಸ್ಯಾಹಾರದಲ್ಲಿ ಎಷ್ಟೇ ಕಾಳು ಸೊಪ್ಪು ತಿಂದರೂ ಬಿ12 ಸಿಗುವುದಿಲ್ಲ. ಹಾಲು, ಮೊಸರಿನಿಂದ ಸ್ವಲ್ಪ ಬರುತ್ತದೆ ಅಷ್ಟೇ. ನನ್ನ ರಕ್ತದಲ್ಲಿ ಅದು ಕಡಿಮೆ ಇತ್ತು. ಡಾಕ್ಟರು ಮಾತ್ರೆ ಬರೆದುಕೊಟ್ಟರು. ನನ್ನಂತೆ ಹುಟ್ಟಿನಿಂದ ಸಸ್ಯಾಹಾರಿಗಳಾದವರು ಒಮ್ಮೆ ಪರೀಕ್ಷೆ ಮಾಡಿಸಿಕೊಳ್ಳಿ.

ವರ್ಷದ ಮೇಲೆ ಮತ್ತೆ ರಕ್ತ ಕೊಟ್ಟೆ. ಎಚ್‌ಬಿಎ1ಸಿ 5.8. ತೂಕ ನಾಲ್ಕು ಕೆಜಿ ಇಳಿದಿತ್ತು. ಎಲ್ಲ ರೊಟ್ಟಿಯಿಂದಲೇ ಆಯಿತು ಅನ್ನಲಾರೆ. ಸಂಜೆ ಕರ್ನಾಟಕ ವಿಶ್ವವಿದ್ಯಾಲಯದ ಆವರಣದಲ್ಲಿ ದಿನಾ ನಲವತ್ತು ನಿಮಿಷ ನಡೆಯುತ್ತೇನೆ. ಬಿಸ್ಕತ್ತು ಬಿಟ್ಟಿದ್ದೇನೆ. ಆದರೆ ಬಿಸ್ಕತ್ತು ಬಿಡಲು ಆದದ್ದೇ ನಾಲ್ಕು ಗಂಟೆಗೆ ಹಸಿವು ಆಗದೆ ಇದ್ದದ್ದರಿಂದ. ಜೋಳ ತಿಂದರೆ ಸಕ್ಕರೆ ಏರುವುದೇ ಇಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ನಾಲ್ಕು ರೊಟ್ಟಿ ತಿಂದರೆ ಏರುತ್ತದೆ. ನಾನು ಮನೆಯ ಮೀಟರಿನಲ್ಲಿ ನೋಡಿದ್ದೇನೆ. ಎರಡು ರೊಟ್ಟಿ, ಕಾಳು ಎರಡು ಸಲ, ಅನ್ನ ಬಿಟ್ಟು ಮಜ್ಜಿಗೆ. ಇದು ನನಗೆ ಹೊಂದಿದ ಅಳತೆ.

ಲೆಕ್ಕಕ್ಕೆ ಸಿಗದ ಒಂದು ವಿಷಯ ಇದೆ. ಹೋದ ಆಗಸ್ಟಿನಲ್ಲಿ ಧಾರವಾಡದ ಜಿಟಿಜಿಟಿ ಮಳೆಗೆ ನನಗೆ ಜ್ವರದ ಮುನ್ಸೂಚನೆ ಇತ್ತು. ಒಂದೇ ರೊಟ್ಟಿ ತಗೊಂಡು ಕೂತೆ. ಅಕ್ಕ ದೂರದಿಂದಲೇ "ಇವತ್ ಯಾಕ್ರಿ ಒಂದ ರೊಟ್ಟಿ? ಆರಾಮ ಇಲ್ಲೇನು?" ಅಂತ ಕೇಳಿದರು. ಉತ್ತರಕ್ಕೆ ಕಾಯದೆ ಒಳಗೆ ಹೋಗಿ ಜೋಳದ ನುಚ್ಚು, ಮಜ್ಜಿಗೆ ಕಲಸಿ ತಂದಿಟ್ಟರು. ರಾತ್ರಿ ಡಬ್ಬಿಯಲ್ಲಿ ಅದನ್ನೇ ರೂಮಿಗೆ ಕಳಿಸಿದರು. 110 ಊಟ ಬಡಿಸುವವರಿಗೆ ಯಾರು ಎಷ್ಟು ರೊಟ್ಟಿ ತಿನ್ನುತ್ತಾರೆ ಅನ್ನುವುದು ನೆನಪಿದೆ. ಒಬ್ಬಳೇ ಇರುವವಳಿಗೆ ಇದು ಎಷ್ಟು ದೊಡ್ಡದು ಅಂತ ಹೇಳಲು ನನಗೆ ಸರಿಯಾದ ಮಾತು ಸಿಗುತ್ತಿಲ್ಲ.

ಹೋಗುವವರಿಗೆ: ಮಧ್ಯಾಹ್ನ 12ರಿಂದ 3, ರಾತ್ರಿ 7.30ರಿಂದ 9.30. ಫೋನಿನಲ್ಲಿ ದುಡ್ಡು ಕಳಿಸಬಹುದು. ಹೊಸಬರು ಒಂದು ದಿನ 80 ಕೊಟ್ಟು ಉಂಡು ನೋಡಿ, ಆಮೇಲೆ ಕಾರ್ಡ್ ಮಾಡಿಸಿ. ಕಾರ್ಡಿಗೆ 45 ದಿನ ಗಡುವು. ಬಿಸಿ ರೊಟ್ಟಿ ಬೇಕಾದರೆ ಕೂತು ಕೇಳಿ, ಮೊದಲೇ ಎರಡೂ ಹಾಕಿಸಿಕೊಳ್ಳಬೇಡಿ. ಖಡಕ್ ರೊಟ್ಟಿ, ಹಿಂಡಿ ಪಾರ್ಸೆಲ್ ಸಿಗುತ್ತದೆ. ಹತ್ತು ಖಡಕ್ ರೊಟ್ಟಿ ಬಟ್ಟೆಯಲ್ಲಿ ಕಟ್ಟಿ ಸಾಗರಕ್ಕೆ ಒಯ್ದಿದ್ದೆ. ಅಮ್ಮ ಮೊಸರಿನಲ್ಲಿ ನೆನೆಸಿಕೊಂಡು ತಿಂದಳು. ಈಗ ಪ್ರತಿ ಸಲ ಊರಿಗೆ ಹೊರಡುವ ಮೊದಲು ಅಗಸಿ ಹಿಂಡಿ ಮರೀಬೇಡ ಅಂತ ಫೋನ್ ಬರುತ್ತದೆ. ಗುರುವಾರ ಹೋಗುವುದಾದರೆ ಒಂದು ಗಂಟೆಯೊಳಗೆ ಹೋಗಿ. ಆಮೇಲೆ ಪುಂಡಿ ಪಲ್ಯ ಉಳಿದಿರುವುದಿಲ್ಲ.